ಕ್ಲಫ್ ಪಕ್ಕದಲ್ಲಿ ಇನ್ನೊಬ್ಬರಿದ್ದರು

ನಾಟಿಂಗ್‌ಹ್ಯಾಮ್‌ಗೆ ಕೆಲಸಕ್ಕೆ ಬಂದಾಗ ಈ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಟ್ರೆಂಟ್ ಬ್ರಿಡ್ಜ್ ಒಂದೇ. 2011ರಲ್ಲಿ ನಮ್ಮ ದ್ರಾವಿಡ್ 117 ಹೊಡೆದ ಮೈದಾನ. ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ, ಟ್ರೆಂಟ್ ನದಿಯ ದಡದಲ್ಲಿ, ಸಿಟಿ ಗ್ರೌಂಡ್ ಇದೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ಕ್ಲಬ್ ಆಡುವುದು ಅಲ್ಲೇ. ಈ ಊರಿನ ಸ್ವಲ್ಪ ವಯಸ್ಸಾದ ಯಾರನ್ನಾದರೂ ಫುಟ್‌ಬಾಲ್ ಮಾತಿಗೆ ಎಳೆದು ನೋಡಿ, 1977–78ರ ಸೀಸನ್ ಬಂದೇ ಬರುತ್ತದೆ.

2016ರಲ್ಲಿ ಲೆಸ್ಟರ್ ಅನ್ನುವ ಕ್ಲಬ್ ಇಂಗ್ಲೆಂಡಿನ ಲೀಗ್ ಗೆದ್ದಾಗ ಎಲ್ಲರೂ ಪವಾಡ ಅಂದರು. ಪವಾಡವೇ, ಇಲ್ಲ ಅನ್ನಲ್ಲ. ಆದರೆ ಫಾರೆಸ್ಟ್ ಕಥೆ ಕೇಳಿ. 1976–77ರಲ್ಲಿ ಅವರು ಸೆಕೆಂಡ್ ಡಿವಿಷನ್‌ನಲ್ಲಿದ್ದರು, ಅಂದರೆ ಲೀಗ್‌ನ ಎರಡನೇ ದರ್ಜೆಯಲ್ಲಿ. ಅಲ್ಲೂ ಮೊದಲ ಸ್ಥಾನವೇನಲ್ಲ, ಮೂರನೆಯದು. ಬೋಲ್ಟನ್ ಕೊನೆಯಲ್ಲಿ ಎಡವಿತು, ಒಂದೇ ಪಾಯಿಂಟ್‌ನಲ್ಲಿ ಇವರು ಮೇಲಿನ ದರ್ಜೆಗೆ ಬಂದರು. ಹಾಗೆ ಬಂದವರು ಮರುವರ್ಷವೇ ಇಡೀ ಇಂಗ್ಲೆಂಡಿಗೆ ಚಾಂಪಿಯನ್! ಎರಡನೇ ಸ್ಥಾನದಲ್ಲಿ ಉಳಿದದ್ದು ಯಾರು ಗೊತ್ತಾ? ಆಗಿನ ಯುರೋಪಿಯನ್ ಚಾಂಪಿಯನ್ ಲಿವರ್‌ಪೂಲ್. ಅದೂ 7 ಪಾಯಿಂಟ್ ಹಿಂದೆ. ಗೆದ್ದರೆ ಈಗಿನ ಹಾಗೆ ಮೂರಲ್ಲ, ಎರಡೇ ಪಾಯಿಂಟ್ ಸಿಗುತ್ತಿದ್ದ ಕಾಲ ಅದು.

ಇದಕ್ಕೆಲ್ಲ ಹೊಗಳಿಕೆ ಹೋಗುವುದು ಮ್ಯಾನೇಜರ್ ಬ್ರಿಯಾನ್ ಕ್ಲಫ್‌ಗೆ. ಮಾತಿನ ಮಲ್ಲ, ಟಿವಿಯವರಿಗೆ ಅಚ್ಚುಮೆಚ್ಚು. 1974ರಲ್ಲಿ ಲೀಡ್ಸ್‌ನಲ್ಲಿ 44 ದಿನಕ್ಕೇ ಕೆಲಸ ಕಳೆದುಕೊಂಡಿದ್ದವರು. 1975ರ ಜನವರಿಯಲ್ಲಿ ಫಾರೆಸ್ಟ್‌ಗೆ ಬಂದರು. ಬಂದ ತಕ್ಷಣ ಏನೂ ಆಗಲಿಲ್ಲ. 1976ರಲ್ಲಿ ಹಳೇ ಜೊತೆಗಾರ ಪೀಟರ್ ಟೇಲರ್ ಸಹಾಯಕರಾಗಿ ಬಂದ ಮೇಲೆ ಗಾಡಿ ಹೊರಟಿತು. ನನ್ನ ತಕರಾರು ಇರುವುದು ಇಲ್ಲೇ. ಟೇಲರ್ ಹೆಸರನ್ನು ಜನ ಸುಮ್ನೆ ಒಂದು ಮಾತಿನಲ್ಲಿ ದಾಟಿಬಿಡುತ್ತಾರೆ.

ಆ ಮನುಷ್ಯನ ಕಣ್ಣು ಹೇಗಿತ್ತು ನೋಡಿ. ಕೆನ್ನಿ ಬರ್ನ್ಸ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಗೋಲ್ ಹೊಡೆಯುತ್ತಿದ್ದವರು. ಜೂಜು, ಜಗಳ, ಕೆಟ್ಟ ಹೆಸರು. ಟೇಲರ್ ವೇಷ ಮರೆಸಿಕೊಂಡು ನಾಯಿ ರೇಸಿಗೆ ಹೋಗಿ ಬರ್ನ್ಸ್‌ನ ಮೇಲೆ ಕಣ್ಣಿಟ್ಟಿದ್ದರಂತೆ, ಇವನು ಹೇಳುವಷ್ಟು ಕೆಟ್ಟವನಾ ಅಂತ. ಆಮೇಲೆ ಕರೆತಂದು ಡಿಫೆನ್ಸ್‌ನಲ್ಲಿ ನಿಲ್ಲಿಸಿದರು. ಅದೇ ಸೀಸನ್ನಿಗೆ ಫುಟ್‌ಬಾಲ್ ಬರಹಗಾರರ ವರ್ಷದ ಆಟಗಾರ ಪ್ರಶಸ್ತಿ ಬಂದದ್ದು ಬರ್ನ್ಸ್‌ಗೆ! ಪಕ್ಕದಲ್ಲಿ ಲ್ಯಾರಿ ಲಾಯ್ಡ್, ಲಿವರ್‌ಪೂಲ್ ಬಿಟ್ಟು ಕವೆಂಟ್ರಿಯಲ್ಲಿ ಕಳೆದುಹೋಗಿದ್ದವರು. ಎಡಗಡೆ ಜಾನ್ ರಾಬರ್ಟ್‌ಸನ್. ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ಆಡಬೇಕಾದವರು. ಆದರೆ ಸಿಗರೇಟ್ ಸೇದುವ, ಓಟದಲ್ಲಿ ನಿಧಾನದ ವಿಂಗರ್! ಹಾಗಿದ್ದರೂ ಚೆಂಡು ಆ ಕಾಲಿಗೆ ಸಿಕ್ಕರೆ ಮುಗೀತು. ಹಳೇ ವಿಡಿಯೋಗಳಲ್ಲಿ ನಾನು ಹೆಚ್ಚು ನೋಡುವುದು ರಾಬರ್ಟ್‌ಸನ್‌ನನ್ನೇ. ನಿಂತಲ್ಲೇ ಒಮ್ಮೆ ಭುಜ ಅಲುಗಿಸಿದರೆ ಸಾಕು, ಎದುರಿನವನು ದಾರಿ ತಪ್ಪುತ್ತಾನೆ.

ಒಬ್ಬರಿಗೆ ಮಾತ್ರ ದೊಡ್ಡ ದುಡ್ಡು ಸುರಿದರು. ಗೋಲ್‌ಕೀಪರ್ ಪೀಟರ್ ಶಿಲ್ಟನ್. ಗೋಲ್‌ಕೀಪರ್‌ಗೆ ಇಷ್ಟೊಂದಾ ಅಂತ ಆಗ ಹುಬ್ಬೇರಿಸಿದವರಿದ್ದರು. 42 ಪಂದ್ಯಗಳಲ್ಲಿ ಫಾರೆಸ್ಟ್ ಬಿಟ್ಟುಕೊಟ್ಟದ್ದು 24 ಗೋಲು. ಸೋತದ್ದು ಮೂರೇ ಪಂದ್ಯ.

ಡಿಸೆಂಬರ್‌ನಲ್ಲಿ ಓಲ್ಡ್ ಟ್ರಾಫರ್ಡ್‌ಗೇ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4–0 ಬಾರಿಸಿದರು. ಇವರು ಲೆಕ್ಕಕ್ಕಿಲ್ಲ, ಇವತ್ತೋ ನಾಳೆಯೋ ಬೀಳ್ತಾರೆ ಅನ್ನುತ್ತಿದ್ದವರು ಬಾಯಿ ಮುಚ್ಚಿದ್ದು ಆಗಲೇ ಇರಬೇಕು. ಮಾರ್ಚ್‌ನಲ್ಲಿ ಲೀಗ್ ಕಪ್ ಫೈನಲ್. ಇದು ಲೀಗ್ ಅಲ್ಲ, ಬೇರೆಯೇ ನಾಕೌಟ್ ಟೂರ್ನಿ. ಎದುರಿಗೆ ಮತ್ತೆ ಲಿವರ್‌ಪೂಲ್. ನಿಯಮದ ಪ್ರಕಾರ ಶಿಲ್ಟನ್ ಆಡುವಂತಿರಲಿಲ್ಲ, 18 ವರ್ಷದ ಹುಡುಗ ಕ್ರಿಸ್ ವುಡ್ಸ್ ಗೋಲ್ ಕಾಯ್ದ. ವೆಂಬ್ಲಿಯಲ್ಲಿ 0–0. ಮರುಪಂದ್ಯದಲ್ಲಿ ರಾಬರ್ಟ್‌ಸನ್ ಪೆನಾಲ್ಟಿಯಿಂದ 1–0. ಫೌಲ್ ಆದದ್ದು ಪೆನಾಲ್ಟಿ ಬಾಕ್ಸ್ ಹೊರಗೆ, ಪೆನಾಲ್ಟಿ ಕೊಡಲೇಬಾರದಿತ್ತು ಅಂತ ಲಿವರ್‌ಪೂಲ್‌ನವರು ಇವತ್ತಿಗೂ ಹೇಳ್ತಾರೆ. ವಿಡಿಯೋ ನೋಡಿದರೆ ಅವರು ಹೇಳುವುದೇ ಸರಿ ಅನ್ನಿಸುತ್ತದೆ. ಇಲ್ಲಿ ಯಾರ ಮುಂದೆಯೂ ನಾನು ಅದನ್ನು ಬಾಯಿಬಿಟ್ಟು ಹೇಳಿಲ್ಲ.

1978ರ ಏಪ್ರಿಲ್ 22ರಂದು ಕವೆಂಟ್ರಿಯಲ್ಲಿ 0–0 ಡ್ರಾ ಮಾಡಿಕೊಂಡು ಲೀಗ್ ಗೆದ್ದರು. ಆ ಪಂದ್ಯದಲ್ಲಿ ಮಿಕ್ ಫರ್ಗುಸನ್ ತೀರಾ ಹತ್ತಿರದಿಂದ ಹೊಡೆದ ಹೆಡರ್‌ನ್ನು ಶಿಲ್ಟನ್ ಹೇಗೆ ತಡೆದರೋ! ದುಡ್ಡಿನ ಲೆಕ್ಕ ಅಲ್ಲಿಗೆ ಚುಕ್ತಾ. ಮುಂದಿನ ಎರಡು ವರ್ಷ, 1979 ಮತ್ತು 1980ರಲ್ಲಿ, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟ್ರೋಫಿ ಯುರೋಪಿಯನ್ ಕಪ್ಪನ್ನೂ ತಂದರು.

ಈಗ ಪ್ರತಿಮೆ ವಿಷಯ. ನಾಟಿಂಗ್‌ಹ್ಯಾಮ್ ಪೇಟೆಯ ಮಧ್ಯೆ ಕ್ಲಫ್ ಪ್ರತಿಮೆ ಇದೆ. ಒಬ್ಬರೇ ನಿಂತಿದ್ದಾರೆ. ಟೇಲರ್ ತೀರಿಕೊಂಡದ್ದು 1990ರಲ್ಲಿ, ಸಿಟಿ ಗ್ರೌಂಡ್‌ನ ಒಂದು ಸ್ಟ್ಯಾಂಡಿಗೆ ಅವರ ಹೆಸರು ಬಂದದ್ದು 2015ರಲ್ಲಿ. ಜಾಸ್ತಿ ತಡ ಆಯ್ತು, ಅಲ್ವಾ? ಪಕ್ಕದ ಊರು ಡರ್ಬಿ ಫಾರೆಸ್ಟ್‌ನವರಿಗೆ ಬದ್ಧವೈರಿ. ಅಲ್ಲಿಯ ಕ್ಲಬ್ಬಿಗೂ 1972ರಲ್ಲಿ ಲೀಗ್ ಗೆದ್ದುಕೊಟ್ಟದ್ದು ಇದೇ ಜೋಡಿ. ಅಲ್ಲಿನ ಸ್ಟೇಡಿಯಂ ಹೊರಗಿರುವ ಪ್ರತಿಮೆಯಲ್ಲಿ ಇಬ್ಬರೂ ಇದ್ದಾರೆ. ಫಾರೆಸ್ಟ್ ಸ್ಕಾರ್ಫ್ ಹಾಕಿಕೊಂಡು ಹೇಳಬಾರದು, ಆದರೂ ಈ ಒಂದು ವಿಷಯದಲ್ಲಿ ಡರ್ಬಿಯವರೇ ಸರಿ.