ಸಾಕ್ಸ್ ಹಾಕದವರಿಗೆ ಸಾಕ್ಸ್ ಪ್ರಶ್ನೆ

ಎಕ್ಸ್‌ರೇ ನೋಡಿ ಮೊಣಕಾಲು ಎಷ್ಟು ಸವೆದಿದೆ ಅಂತ ಹೇಳಬಹುದು. ಎಷ್ಟು ನೋಯುತ್ತದೆ ಅನ್ನುವುದನ್ನು ಆ ಕಾಲಿನವರೇ ಹೇಳಬೇಕು. ಸವೆತ ಜಾಸ್ತಿ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಫಿಲ್ಮಿನಲ್ಲಿ ಏನೂ ಕಾಣದಿದ್ದರೂ ಗೋಡೆ ಹಿಡಿದು ಏಳುವವರಿದ್ದಾರೆ.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಆಳಂದ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳಿಗಾಗಿ ಮೊಣಕಾಲು ನೋವಿನ ಪ್ರಶ್ನಾವಳಿ ಮಾಡುತ್ತಿದ್ದೇವೆ. ಎಲ್ಲಾ ಕಡೆ ಬಳಸುವ ವೋಮ್ಯಾಕ್ ಅನ್ನುವ ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿವೆ: ನೋವಿಗೆ 5, ಬಿಗಿತಕ್ಕೆ 2, ದಿನದ ಕೆಲಸಕ್ಕೆ 17. ಆ 17ರಲ್ಲಿ ಸಾಕ್ಸ್ ಹಾಕುವುದು ಒಂದು, ತೆಗೆಯುವುದು ಇನ್ನೊಂದು. ಕಲಬುರಗಿ ಬಿಸಿಲಲ್ಲಿ ಸಾಕ್ಸ್! ಒಬ್ಬ ಆಯಿ ಪೂರ್ತಿ ಕೇಳಿಸಿಕೊಂಡು, "ಏನ್ ತ್ರಾಸಿಲ್ಲ ಬಿಡವ್ವಾ" ಅಂದರು. ಹಾಕಿದ್ದರೆ ತಾನೇ ತ್ರಾಸು? ಹಾಳೆಯಲ್ಲಿ ಮಾತ್ರ ಸೊನ್ನೆ ಬೀಳುತ್ತದೆ, ಕಾಲು ಚೆನ್ನಾಗಿದೆ ಅಂತಾಗುತ್ತದೆ.

ಅದೇ ಆಯಿಗೆ ರೊಟ್ಟಿ ಬಡಿಯುವ ವಿಷಯ ಕೇಳಿದ್ದೇ ತಡ, ಮಾತು ಶುರು. ಒಂದು ಕಾಲು ಮಡಚಿ, ಇನ್ನೊಂದು ಚಾಚಿ ಒಲೆ ಮುಂದೆ ಕೂರುತ್ತಾರೆ. ಬಡಿಯುವಾಗ ನೋವಿಲ್ಲ, ಏಳುವಾಗ ಜೀವ ಹೋಗುತ್ತದೆ. ಅದಕ್ಕೇ ಹಿಟ್ಟು, ನೀರು, ಬುಟ್ಟಿ ಎಲ್ಲಾ ಸೊಸೆ ಕೈಲಿ ಮೊದಲೇ ಹತ್ತಿರ ಇಡಿಸಿಕೊಳ್ಳುತ್ತಾರೆ. ರೊಟ್ಟಿ ಮಾಡಲು ಕಷ್ಟವೇ ಅಂತ ಕೇಳಿದ್ದರೆ ಇಲ್ಲ ಅನ್ನುತ್ತಿದ್ದರು. ಹಾಗಾಗಿ ಕೂರುವುದು, ಏಳುವುದು, ಯಾರಾದರೂ ಕೈಗೆ ಕೊಡಬೇಕಾ ಅನ್ನುವುದು ನಮ್ಮಲ್ಲಿ ಮೂರು ಬೇರೆ ಪ್ರಶ್ನೆ. ಕೂತು ಕಳೆ ತೆಗೆಯುವುದಕ್ಕೂ ಹಾಗೇ.

ಸುಮ್ನೆ ಸಾಕ್ಸ್ ತೆಗೆದು ರೊಟ್ಟಿ ಹಾಕಿದರೆ ಆಯ್ತು ಅಲ್ವಾ ಅಂತ ಗೆಳತಿಯೊಬ್ಬಳು ಕೇಳಿದಳು. ಆಗುವುದಿಲ್ಲ. ವೋಮ್ಯಾಕ್‌ಗೆ ಲೈಸೆನ್ಸ್ ಇದೆ. ಮನಸ್ಸಿಗೆ ಬಂದಂತೆ ಪ್ರಶ್ನೆ ಬದಲಿಸಿದರೆ ಬೇರೆ ಊರಿನ ಅಂಕಗಳ ಜತೆ ಹೋಲಿಸಲೂ ಬರುವುದಿಲ್ಲ. ನಮ್ಮದನ್ನು ಬೇರೆಯಾಗಿಯೇ ಕಟ್ಟಬೇಕು.

ಇನ್ನು ದಿನದ ಲೆಕ್ಕ. ಕಳೆದ 7 ದಿನ ಅಂದರೆ ಯಾರೂ ಎಣಿಸಿ ಹೇಳುವುದಿಲ್ಲ. ಹೋದ ಸಂತೆಯಿಂದ ಈ ಸಂತೆ ತನಕ ಅಂದರೆ ತಕ್ಷಣ ನೆನಪಾಗುತ್ತದೆ. ಅದಕ್ಕೆ ಸಂತೆಯ ಮರುದಿನವೇ ಹೋಗಿ ಕೇಳುತ್ತೇವೆ.

ಈಗ ಬಾಕಿ ಇರುವುದು ಮರುಪರೀಕ್ಷೆ. ಹದಿನೈದು ದಿನ ಬಿಟ್ಟು ಅದೇ ಜನರನ್ನು ಅದೇ ಪ್ರಶ್ನೆ ಕೇಳಬೇಕು. ನೋವು ಬದಲಾಗದಿದ್ದರೆ ಉತ್ತರವೂ ಹೆಚ್ಚುಕಡಿಮೆ ಅದೇ ಬರಬೇಕು. ತೊಗರಿ ರಾಶಿಯ ದಿನಗಳಲ್ಲಿ ಇದನ್ನು ಮಾಡಲು ಹೋದರೆ ಕೆಟ್ಟಿತು. ಒಂದು ವಾರದ ನೋವು ಇನ್ನೊಂದು ವಾರಕ್ಕಿರುವುದಿಲ್ಲ, ಮನೆಯಲ್ಲಿ ಯಾರೂ ಸಿಗುವುದೂ ಇಲ್ಲ. ಸಂಶೋಧನೆಯ ಗೈಡ್ ರಾಶಿಯ ಹೊತ್ತಿನ ಡಿಸೆಂಬರ್‌ನಲ್ಲೇ ಮುಗಿಸು ಅನ್ನುತ್ತಾರೆ. ನಾನು ಫೆಬ್ರವರಿ ಅಂತ ಬರೆದು ಕೊಟ್ಟಿದ್ದೇನೆ.