ಮೂರು ಅಂದರೆ ಏನು?

ಕಳೆದ ತಿಂಗಳು ಒಂದು ಸಂಜೆ ಪಕ್ಕದ ಮನೆಯ ಅಜ್ಜಿಯ ಬಾಗಿಲು ತಟ್ಟಿದೆ. ಕೈಯಲ್ಲಿ ನಾಲ್ಕು ಪುಟದ ಪ್ರಶ್ನಾವಳಿ, ಸಹಿ ಹಾಕಿಸಿಕೊಳ್ಳಬೇಕಾದ ಒಪ್ಪಿಗೆ ಪತ್ರ, ಎರಡು ಪೆನ್ನು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ. ಸರ್ವೆ ಮಾಡಿ ಮಾಡಿ ಬಂದ ಬುದ್ಧಿ ಅದು.

ಪಿಎಚ್‌ಡಿ ಟೂರಿಸಂನಲ್ಲಿ ಅಂದರೆ ನಮ್ಮ ಕಡೆಯವರು 'ಹಾಗಾದ್ರೆ ಸುತ್ತಾಡೋದೇ ಕೆಲಸ ಅನ್ನಿ' ಅಂತ ನಗುತ್ತಾರೆ. ಸುತ್ತಾಡುವುದೇನೋ ನಿಜ, ಆದರೆ ಮೆಟ್ಟಿಲ ಮೇಲೆ. ಆಮ್‌ಸ್ಟರ್‌ಡ್ಯಾಮಿನ ಹಳೇ ಮನೆಗಳ ಏಣಿಯಂಥ ಮೆಟ್ಟಿಲು ಹತ್ತಿ, ಪ್ರವಾಸಿಗರು ತುಂಬಿ ತುಳುಕುವ ಊರಿನಲ್ಲಿ ಬದುಕುವವರಿಗೆ ಏನನ್ನಿಸುತ್ತದೆ ಅಂತ ಕೇಳುತ್ತೇನೆ. ಉತ್ತರ ಒಂದರಿಂದ ಐದರೊಳಗೆ ಇರಬೇಕು. ಒಂದು ಅಂದರೆ ಸ್ವಲ್ಪವೂ ಒಪ್ಪುವುದಿಲ್ಲ, ಐದು ಅಂದರೆ ಪೂರ್ತಿ ಒಪ್ಪುತ್ತೇನೆ. 1932ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಕಿಕೊಟ್ಟ ದಾರಿ ಇದು. ಸಮಾಜ ವಿಜ್ಞಾನ, ಮ್ಯಾನೇಜ್‌ಮೆಂಟ್, ಟೂರಿಸಂ, ಯಾವ ವಿಭಾಗಕ್ಕೆ ಹೋದರೂ ಈ ಐದು ಚೌಕಗಳಿಂದ ಬಿಡುಗಡೆ ಇಲ್ಲ.

ಅಜ್ಜಿ ಒಪ್ಪಿಗೆ ಪತ್ರವನ್ನು ಅಕ್ಷರ ಬಿಡದೆ ಓದಿದರು. ಅದನ್ನು ಹಾಗೆ ಓದಿದವರನ್ನು ನಾನು ಅದೇ ಮೊದಲು ನೋಡಿದ್ದು. ಓದಿ ಮುಗಿಸಿ, ಸಹಿ ಹಾಕದೆ, 'ನೀನು ಏಳನೆಯವನು' ಅಂದರು.

ಮೇಜಿನ ಖಾನೆಯಿಂದ ಒಂದು ಕಪ್ಪು ರಟ್ಟಿನ ನೋಟ್‌ಬುಕ್ ಹೊರಗೆ ಬಂತು. ಮೂವತ್ತು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿದವರು, ಸ್ಕೇಲಿಟ್ಟು ಅಂಕಣ ಎಳೆದಿದ್ದರು. ಯಾವ ದಿನ, ಎಲ್ಲಿಂದ ಬಂದವರು, ಏನು ಕೇಳಿದರು, ಎಷ್ಟು ನಿಮಿಷ ತೆಗೆದುಕೊಂಡರು. ಇಷ್ಟು ವರ್ಷಗಳಲ್ಲಿ ಅವರ ಬಾಗಿಲು ತಟ್ಟಿದ ಸಂಶೋಧಕರೆಲ್ಲ ಅಲ್ಲಿದ್ದರು. ಕೊನೆಯ ಅಂಕಣದ ಮೇಲೆ ಡಚ್ಚಿನಲ್ಲಿ ಒಂದೇ ಪದ: 'ತೆರುಖ್?' ವಾಪಸ್ ಬಂದರಾ?

ಆರು ಸಾಲು. ಆರರಲ್ಲೂ ಆ ಅಂಕಣ ಖಾಲಿ.

ನಮ್ಮ ಮೇಲೆ ಯಾರೋ ಸಂಶೋಧನೆ ಮಾಡುತ್ತಿದ್ದಾರೆ ಅಂತ ಗೊತ್ತಾದಾಗ ಹೇಗಿರುತ್ತದೆ? ನನಗಂತೂ ಕಿವಿ ಬಿಸಿಯಾಯಿತು. ಅಜ್ಜಿ ನಿಧಾನವಾಗಿ ಏಳನೇ ಸಾಲು ಬರೆದರು. ದಿನಾಂಕ ಹಾಕಿದರು. ಎಲ್ಲಿಂದ ಅನ್ನುವ ಜಾಗದಲ್ಲಿ 'ಪಕ್ಕದ ಮನೆ' ಅಂತ ಬರೆದರು. ಆಮೇಲೆ ನನ್ನ ಪತ್ರಕ್ಕೆ ಸಹಿ ಹಾಕಿದರು.

ಮೊದಲ ಪ್ರಶ್ನೆ, ಪ್ರವಾಸಿಗರಿಂದ ನನ್ನ ಬೀದಿಯ ನೆಮ್ಮದಿ ಕೆಟ್ಟಿದೆ. ಅಷ್ಟರಲ್ಲಿ ಕೆಳಗೆ ಇಟ್ಟಿಗೆ ಹಾಸಿನ ಮೇಲೆ ಸೂಟ್‌ಕೇಸ್ ಗಾಲಿಗಳ ಗಡಗಡ. ಕಿಟಕಿಯಿಂದ ಬಗ್ಗಿ ನೋಡಿದರೆ ಯುವ ಜೋಡಿಯೊಂದು ಫೋನನ್ನು ಹಾಗೂ ಹೀಗೂ ತಿರುಗಿಸುತ್ತ ನಿಂತಿದೆ. ಅಜ್ಜಿ ಕಿಟಕಿ ತೆರೆದು, ಎಡಕ್ಕೆ ಹೋಗಿ, ಸೇತುವೆ ದಾಟಿ, ಮತ್ತೆ ಎಡಕ್ಕೆ ಅಂತ ಕೂಗಿ ಹೇಳಿದರು. ಅವರು ಬಲಕ್ಕೆ ಹೊರಟಾಗ ಇನ್ನೊಮ್ಮೆ ಕೂಗಿದರು. ಸರಿಯಾದ ಕಡೆ ತಿರುಗಿದ್ದನ್ನು ನೋಡಿದ ಮೇಲೆಯೇ ಕಿಟಕಿ ಮುಚ್ಚಿ, ಕೂತು, ಐದಕ್ಕೆ ಗುರುತು ಹಾಕಿದರು. ಪೂರ್ತಿ ಒಪ್ಪುತ್ತೇನೆ!

ಇದರಲ್ಲಿ ಹೊಸದೇನೂ ಇಲ್ಲ. ರಿಚರ್ಡ್ ಲಾಪಿಯೆರ್ ಎಂಬ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಚೀನೀ ದಂಪತಿಯೊಂದಿಗೆ ಅಮೆರಿಕವನ್ನೆಲ್ಲ ಸುತ್ತಿದರು. ಚೀನೀಯರ ಬಗ್ಗೆ ಅಲ್ಲಿ ಆಗ ತುಂಬ ತಾತ್ಸಾರ ಇದ್ದ ಕಾಲ. ಹೋಟೆಲು, ಊಟದ ಮನೆ ಎಲ್ಲ ಸೇರಿ 251 ಕಡೆ ಹೋದರು. ಒಳಗೆ ಬಿಡಲ್ಲ ಅಂದದ್ದು ಒಂದೇ ಒಂದು ಕಡೆ. ಆರು ತಿಂಗಳ ಮೇಲೆ ಅದೇ ಜಾಗಗಳಿಗೆ ಕಾಗದ ಬರೆದು, ಚೀನೀ ಗಿರಾಕಿಗಳಿಗೆ ಜಾಗ ಕೊಡುತ್ತೀರಾ ಅಂತ ಕೇಳಿದರು. ಉತ್ತರ ಬರೆದ 128 ಮಂದಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ 'ಇಲ್ಲ' ಅಂದಿದ್ದರು. ಅದು 1934ರಲ್ಲಿ ಅಚ್ಚಾಯಿತು. ಕಾಗದದ ಮೇಲೆ ಹೇಳುವ ಮನುಷ್ಯ ಬೇರೆ, ಬಾಗಿಲಲ್ಲಿ ನಿಂತ ಮನುಷ್ಯ ಬೇರೆ ಅಂತ ಅಂದೇ ಗೊತ್ತಾಗಿತ್ತು. ಆದರೂ ನಾವು ಕಾಗದ ಹಿಡಿದುಕೊಂಡೇ ಓಡಾಡುತ್ತಿದ್ದೇವೆ. ಎಣಿಸೋಕೆ ಸುಲಭ, ಅಲ್ವಾ?

ಹನ್ನೊಂದನೇ ಪ್ರಶ್ನೆಗೆ ಬಂದಾಗ ಅಜ್ಜಿಯ ಪೆನ್ನು ನಿಂತಿತು. ಪ್ರವಾಸೋದ್ಯಮದಿಂದ ನನ್ನ ಬದುಕು ಸುಧಾರಿಸಿದೆ.

'ಈ ಮೂರು ಅಂದರೆ ಏನು?'

'ತಟಸ್ಥ' ಅಂದೆ. ಸಾವಿರ ಸಲ ಹೇಳಿದ ಉತ್ತರ.

'ತಟಸ್ಥ ಅಂದರೆ ನನಗೆ ಏನೂ ಅನ್ನಿಸುವುದಿಲ್ಲ ಅಂತಲಾ? ಇಲ್ಲ, ಹೇಳೋಕೆ ಆಗದಷ್ಟು ಅನ್ನಿಸುತ್ತದೆ ಅಂತಲಾ? ಎರಡಕ್ಕೂ ಒಂದೇ ಚೌಕ ಇಟ್ಟಿದ್ದೀಯಲ್ಲ.'

ನಾನು ಏನೋ ಸಮಜಾಯಿಷಿ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಆದರೆ ಆ ಮಾತು ಕೇಳಿದ ಕ್ಷಣದಲ್ಲಿ ನನ್ನ ಮನಸ್ಸು ಆ ಕೋಣೆಯಲ್ಲಿ ಇರಲಿಲ್ಲ. ಕಡ್ಡಿರಾಂಪುರಕ್ಕೆ ಹೋಗಿಬಿಟ್ಟಿತ್ತು.

ಹಂಪಿ ನೋಡಿದವರಿಗೆ ವಿರೂಪಾಕ್ಷ ಗುಡಿಯ ಎದುರಿನ ಉದ್ದ ಬೀದಿ ನೆನಪಿರುತ್ತದೆ. ಅದರ ಎರಡೂ ಬದಿಯ ಕಲ್ಲಿನ ಮಂಟಪಗಳಲ್ಲಿ ದಶಕಗಳಿಂದ ಕುಟುಂಬಗಳು ಇದ್ದವು. ಅಲ್ಲೇ ಮನೆ, ಅಲ್ಲೇ ಅಂಗಡಿ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಸ್ಮಾರಕ ಉಳಿಯಬೇಕು ಅಂತ 2011ರ ಜುಲೈನಲ್ಲಿ ಅಲ್ಲಿನವರನ್ನು ಎಬ್ಬಿಸಿ, ಕಟ್ಟಿಕೊಂಡದ್ದನ್ನು ಕೆಡವಿದರು. ಅವರಿಗೆ ಬದಲಿ ಜಾಗ ತೋರಿಸಿದ್ದು ಕಡ್ಡಿರಾಂಪುರದಲ್ಲಿ. ಅದಾಗಿ ಕೆಲವು ವರ್ಷಕ್ಕೆ ನಾನು ಎಂಬಿಎ ಪ್ರಾಜೆಕ್ಟ್ ಹಿಡಿದು ಅಲ್ಲಿಗೆ ಹೋದೆ. ವಿಷಯ: ಪ್ರವಾಸೋದ್ಯಮದ ಬಗ್ಗೆ ಸ್ಥಳೀಯರ ಮನೋಭಾವ.

ಅರವತ್ತು ದಾಟಿದ ಹಿರಿಯರೊಬ್ಬರು ಸಿಕ್ಕರು. ಬಜಾರಿನಲ್ಲಿ ಪೋಸ್ಟ್‌ಕಾರ್ಡು, ನಕ್ಷೆ ಮಾರಿಕೊಂಡಿದ್ದವರು. ನಾನು ನೆರಳು ನೋಡಿ ಕೂತು ಓದುತ್ತ ಹೋದೆ. ಅವರು ಒಂದು, ನಾಲ್ಕು, ಎರಡು ಅಂತ ಹೇಳುತ್ತ ಬಂದರು. ಆಮೇಲೆ ಅದೇ ಪ್ರಶ್ನೆ ಬಂತು. ಪ್ರವಾಸೋದ್ಯಮದಿಂದ ನಿಮ್ಮ ಬದುಕು ಸುಧಾರಿಸಿದೆ. ಅವರು ಸುಮಾರು ಹೊತ್ತು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

'ತಮ್ಮಾ, ನಿನಗ ಪಾಸಾಗಾಕ ಹೆಂಗ ಬೇಕೋ ಹಂಗ ಬರಕೋ' ಅಂದರು.

ನಾನು ಮೂರಕ್ಕೆ ಗುರುತು ಹಾಕಿದೆ.

ಎರಡನೇ ಇಯತ್ತೆಯ ಹುಡುಗನಿಗೂ ಗೊತ್ತಾಗುವಂಥ ತಪ್ಪು ಅದು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಆಗ ತಲೆಯಲ್ಲಿ ಇದ್ದದ್ದು ಒಂದೇ ಸಂಖ್ಯೆ, 384. ನಮ್ಮಲ್ಲಿ ಮ್ಯಾನೇಜ್‌ಮೆಂಟ್ ಓದಿದವರಿಗೆ ಹೇಳಬೇಕಾಗಿಲ್ಲ. 1970ರಲ್ಲಿ ಕ್ರೇಚಿ ಮತ್ತು ಮಾರ್ಗನ್ ಅನ್ನುವ ಇಬ್ಬರು ಒಂದು ಕೋಷ್ಟಕ ಮಾಡಿದರು. ಹತ್ತು ಲಕ್ಷ ಜನರ ಬಗ್ಗೆ ಹೇಳಬೇಕಾದರೆ 384 ಜನರನ್ನು ಕೇಳಿದರೆ ಸಾಕು ಅನ್ನುತ್ತದೆ ಅದು. ಆದರೆ ಆ 384 ಮಂದಿಯನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಷರತ್ತನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಇಟ್ಟುಕೊಂಡವರು ನಾವು. ಸಿಕ್ಕವರನ್ನು ಕೇಳು, 384 ಆಗುವವರೆಗೆ ಕೇಳು. ಸಾಲದೆ ಬಂದರೆ ಹಾಸ್ಟೆಲ್ ಇದೆಯಲ್ಲ! ಭಾನುವಾರ ರಾತ್ರಿ ನಾಲ್ಕು ಜನ ಗೆಳೆಯರು ನಾಲ್ಕು ಬಣ್ಣದ ಪೆನ್ನು ಹಿಡಿದು ಕೂತರೆ ಇಡೀ ಒಂದು ಊರೇ ತಯಾರು. ಗೃಹಿಣಿ, ವ್ಯಾಪಾರಿ, ನಿವೃತ್ತ ಶಿಕ್ಷಕ, ಎಲ್ಲರೂ ಅದೇ ಕೋಣೆಯಲ್ಲಿ ಹುಟ್ಟುತ್ತಿದ್ದರು. ನಾನೂ ಬೇರೆಯವರಿಗೆ ಕೆಲವು ತುಂಬಿಕೊಟ್ಟಿದ್ದೇನೆ. ಒಂದು ಫಾರಮ್ಮಿನಲ್ಲಿ ನಾನು ನಲವತ್ತೈದರ ವಿಧವೆ.

ಅಲ್ಲಿಂದ ಮುಂದಿನದ್ದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಅಳೆಯುವ ಕ್ರಾನ್‌ಬಾಕ್ ಆಲ್ಫಾ 0.7 ದಾಟಿತಾ? ದಾಟಿತು. ಹಾಗಾದರೆ ವಿಶ್ವಾಸಾರ್ಹ. ಒಬ್ಬನೇ ಮನುಷ್ಯ ಒಂದೇ ರಾತ್ರಿ ಕೂತು ತುಂಬಿದ ಫಾರಮ್ಮುಗಳಲ್ಲಿ ಆಲ್ಫಾ ಇನ್ನೂ ಚೆನ್ನಾಗಿ ಬರುತ್ತದೆ ಅನ್ನುವುದು ಬೇರೆ ಮಾತು. ಕೊನೆಗೆ, ಹೆಸರಿನಲ್ಲೇ ಮೂರು ನಾಲ್ಕು ಶಾಸ್ತ್ರಗಳನ್ನು ಜೋಡಿಸಿಕೊಂಡ ಯಾವುದೋ ಅಂತರರಾಷ್ಟ್ರೀಯ ಪತ್ರಿಕೆ. ದುಡ್ಡು ಕಟ್ಟಿದರೆ ವಾರದಲ್ಲಿ ಪ್ರಕಟಣೆ. ನನಗೂ ದಿನಕ್ಕೆರಡು ಮೇಲ್ ಬರುತ್ತವೆ. 'ಗೌರವಾನ್ವಿತ ಪ್ರೊಫೆಸರ್' ಅಂತ ನನ್ನನ್ನು ಕರೆಯುವವರು ಸದ್ಯಕ್ಕೆ ಅವರೊಬ್ಬರೇ.

ಇದೆಲ್ಲ ನಮ್ಮಲ್ಲಿ ಮಾತ್ರ, ಇಲ್ಲಿ ಎಲ್ಲ ಸಾಚಾ ಅಂತ ಅಂದುಕೊಂಡೇ ನಾನೂ ವಿಮಾನ ಹತ್ತಿದ್ದು. ಬಂದ ಮೊದಲ ವಾರವೇ ತರಗತಿಯಲ್ಲಿ ಸ್ಟಾಪೆಲ್ ಕಥೆ ಹೇಳಿದರು. ಡೀಡೆರಿಕ್ ಸ್ಟಾಪೆಲ್ ಇದೇ ದೇಶದ ಟಿಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹೆಸರಿನ ಸಾಮಾಜಿಕ ಮನಶ್ಶಾಸ್ತ್ರಜ್ಞ. ಶಾಲೆಗಳಲ್ಲಿ ಪ್ರಶ್ನಾವಳಿ ಕೊಟ್ಟು ತುಂಬಿಸಿದ್ದೇನೆ ಅಂತ ಹೇಳಿ ಅಂಕಿಗಳನ್ನು ಮನೆಯಲ್ಲೇ ಕೂತು ಹುಟ್ಟಿಸಿದ್ದರು. 2011ರಲ್ಲಿ ಸಿಕ್ಕಿಬಿದ್ದರು. ಅವರ 58 ಲೇಖನಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಆ ಪಾಠ ಕೇಳುವಾಗ ಬೇಜಾರಾಗಬೇಕಿತ್ತು. ನಿಜ ಹೇಳಬೇಕಂದ್ರೆ ಸ್ವಲ್ಪ ಸಮಾಧಾನ ಆಯಿತು. ಅದೇ 2011, ಹಂಪಿ ಬಜಾರು ಬಿದ್ದ ವರ್ಷ, ಅಂತ ಲೆಕ್ಕ ಹಾಕಿದ್ದು ಮಾತ್ರ ಮೊನ್ನೆ.

ಒಂದು ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ನಿವಾಸಿಗಳು ಪ್ರಶ್ನಾವಳಿಯನ್ನು ಕಾಯುತ್ತ ಕೂರುವುದಿಲ್ಲ. ಜನರೇ ಅರ್ಜಿ ಬರೆದು ಸಹಿ ಸಂಗ್ರಹಿಸಿ, ಪ್ರವಾಸಿಗರ ರಾತ್ರಿ ವಾಸ್ತವ್ಯಕ್ಕೆ ವರ್ಷಕ್ಕೆ ಎರಡು ಕೋಟಿಯ ಮಿತಿ ಇರಲಿ ಅಂತ 2021ರಲ್ಲಿ ನಗರಸಭೆಯಿಂದ ಒಪ್ಪಿಸಿದರು. ಮಿತಿ ಆಮೇಲೆ ದಾಟಿತು, ಅದು ಬೇರೆ. ಅಜ್ಜಿಯೂ ಆ ಅರ್ಜಿಗೆ ಸಹಿ ಹಾಕಿದವರೇ. ಕಡ್ಡಿರಾಂಪುರದ ಆ ಹಿರಿಯರ ಸಹಿಯನ್ನು ಮಾತ್ರ ನಾನು ಒಂದು ಕಾಗದದ ಮೇಲೂ ಹಾಕಿಸಿಕೊಳ್ಳಲಿಲ್ಲ. ಒಪ್ಪಿಗೆ ಪತ್ರ ಅನ್ನುವುದು ಒಂದಿದೆ ಅಂತ ಆಗ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಲಿಲ್ಲ.

ಅಜ್ಜಿ ಮೂರರ ಬಗ್ಗೆ ಕೇಳಿದ ಆ ರಾತ್ರಿ ಮನೆಗೆ ಬಂದವನು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ನೆನೆದೆ. ಮೈಸೂರಿನವರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ನೋಡಿದ್ದನ್ನೆಲ್ಲ ಬರೆದುಕೊಂಡರು. ಬರವಣಿಗೆಯಲ್ಲಿ ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. ಹದಿನೆಂಟು ವರ್ಷ ಆ ಟಿಪ್ಪಣಿಗಳನ್ನು ತಿದ್ದಿ ತೀಡಿ ಜೋಡಿಸಿಟ್ಟರು. 1970ರ ಏಪ್ರಿಲ್ 24ರಂದು ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ಆ ಊರನ್ನು ಅವರು ನೆನಪಿನಿಂದಲೇ ಬರೆದರು. 1976ರಲ್ಲಿ ಅದು ಪುಸ್ತಕವಾಯಿತು. ಸಮಾಜಶಾಸ್ತ್ರ ಓದುವವರು ಇಂದಿಗೂ ಅದನ್ನು ಓದುತ್ತಾರೆ.

ಪರದೇಶದಲ್ಲಿ ಕೂತು, ಕಾಗದ ಸುಟ್ಟುಹೋದ ಮೇಲೂ, ಒಬ್ಬ ಮನುಷ್ಯನಿಗೆ ಒಂದು ಇಡೀ ಊರು ನೆನಪಿತ್ತು. ನನ್ನ ಎಕ್ಸೆಲ್ ಫೈಲ್ ಸುಟ್ಟರೆ 384ರಲ್ಲಿ ನನಗೆ ಎಷ್ಟು ಜನ ನೆನಪಿರುತ್ತಾರೆ? ಲೆಕ್ಕ ಹಾಕಿದೆ. ಒಬ್ಬರು. ಫೈಲಿನಲ್ಲಿ ಅವರು ಆರ್-47.

ಕಳೆದ ವಾರ ನನ್ನ ಫಲಿತಾಂಶಗಳನ್ನು ಎರಡು ಪುಟಕ್ಕೆ ಇಳಿಸಿ, ಗೆಳೆಯನಿಂದ ಡಚ್ಚಿಗೆ ಮಾಡಿಸಿ, ಅಜ್ಜಿಯ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕು ಕಡೆ ವ್ಯಾಕರಣ ತಿದ್ದಿದರು. ಮೂರು ಅನ್ನುವುದನ್ನು ಈಗ ಎರಡು ಚೌಕ ಮಾಡಿದ್ದೇನೆ ಅಂತ ತೋರಿಸಿದೆ, 'ಏನೂ ಅನ್ನಿಸುವುದಿಲ್ಲ' ಒಂದು, 'ಎರಡೂ ಅನ್ನಿಸುತ್ತದೆ' ಇನ್ನೊಂದು. ಮೇಷ್ಟರು ಒಪ್ಪಿಲ್ಲ ಅಂತಲೂ ಹೇಳಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ಖಾನೆಯಿಂದ ನೋಟ್‌ಬುಕ್ ತೆಗೆದು, ಏಳನೇ ಸಾಲಿನ ಕೊನೆಯ ಅಂಕಣದಲ್ಲಿ ದಿನಾಂಕ ಬರೆದರು.

ಎದೆ ಉಬ್ಬಿತು. ಆ ಹುರುಪಿನಲ್ಲಿ ಹಂಪಿಯ ಕಥೆ ಹೇಳಿಬಿಟ್ಟೆ. ಹಿರಿಯರು ಹೇಳಿದ ಮಾತನ್ನೂ ಹೇಳಿದೆ.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. 'ಪಾಸಾದೆಯಾ?'

'ಫಸ್ಟ್ ಕ್ಲಾಸ್' ಅಂದೆ.

'ಅವರಿಗೆ ಗೊತ್ತಾ?'

ಮೂರು ದಿನದಿಂದ ಕನ್ನಡದಲ್ಲಿ ಎರಡು ಪುಟ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆ ಬರೆದುಕೊಂಡೆ, ಪಾಸಾದೆ, ಆದರೆ ಆ ಮೂರು ನಿಮ್ಮದಲ್ಲ, ನಾನು ಹಾಕಿದ್ದು ಅಂತ. ಇಂಗ್ಲಿಷಿನಲ್ಲಿ ನೂರು ಪುಟ ಸರಾಗವಾಗಿ ಬರೆದವನಿಗೆ ಇದು ಕಷ್ಟವಾಗುತ್ತಿದೆ. ಒಂದು ಪುಟ ಹೇಗೋ ಆಗಿದೆ. ಹಂಪಿಯ ಕಡೆಯ ಗೆಳೆಯನೊಬ್ಬ ಕಡ್ಡಿರಾಂಪುರಕ್ಕೆ ಹೋಗಿ ಕೊಟ್ಟು ಬರುತ್ತೇನೆ ಅಂದಿದ್ದಾನೆ. ಯಾರಿಗೆ ಕೊಡಬೇಕು, ಹೆಸರು ಹೇಳು ಅಂತ ನಿನ್ನೆ ಮೆಸೇಜ್ ಮಾಡಿದ್ದ.

ಪ್ರಶ್ನಾವಳಿಯ ಮೇಲೆ ಹೆಸರು ಬರೆಸಬಾರದು ಅಂತ ಹೇಳಿಕೊಟ್ಟಿದ್ದರು. ಆ ಒಂದು ನಿಯಮವನ್ನು ಮಾತ್ರ ನಾನು ಸರಿಯಾಗಿ ಪಾಲಿಸಿದ್ದೆ.