ಐಸೆನ್‌ಹೋವರ್ ಎಂಬ ಹೆಸರು ನಿಜಕ್ಕೂ ಎಷ್ಟು ವಿರಳ?

ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ, ಬಿಡುವಿನ ವೇಳೆಯಲ್ಲಿ ಇಲ್ಲಿನ ಹಳೆಯ ಜರ್ಮನ್ ಮನೆತನಗಳ ದಾಖಲೆಗಳನ್ನು ಓದುವ ಅಭ್ಯಾಸ ಬೆಳೆಸಿಕೊಂಡಿರುವ ನನಗೆ, ಊರಿನಿಂದ ಬರುವ ನೆಂಟರಿಂದ ಹಿಡಿದು ಇಲ್ಲಿನ ಕನ್ನಡ ಗೆಳೆಯರವರೆಗೆ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರದು ಜರ್ಮನ್ ಮನೆತನವೆಂದ ಮೇಲೆ, ಜರ್ಮನ್ ಮೂಲದವರು ಕೋಟಿಗಟ್ಟಲೆ ಇರುವ ಈ ದೇಶದಲ್ಲಿ ಆ ಹೆಸರಿನವರು ಏಕೆ ಅಷ್ಟು ಅಪರೂಪ? ಬಂದರಿನಲ್ಲಿ ಯಾರೋ ಅಧಿಕಾರಿ ಹೆಸರನ್ನು ಬದಲಿಸಿಬಿಟ್ಟನೇ? ಇರುವ ಕೆಲವರೆಲ್ಲ ಅಧ್ಯಕ್ಷರ ರಕ್ತಸಂಬಂಧಿಗಳೇ? ಪ್ರತಿ ಸಲವೂ ಊಟದ ಮೇಜಿನ ಬಳಿ ಅರ್ಧಂಬರ್ಧ ಹೇಳಿ ಮುಗಿಸುತ್ತಿದ್ದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಅರ್ಥ. ಜರ್ಮನಿಯಲ್ಲಿ ಇದರ ರೂಪ 'ಐಝನ್‌ಹೌವರ್'. 'ಐಝನ್' ಎಂದರೆ ಕಬ್ಬಿಣ. 'ಹೌವರ್' ಎಂದರೆ ಕಡಿಯುವವನು, ಕೊಚ್ಚುವವನು. ಕಲ್ಲು ಕಡಿಯುವವನಿಗೆ ಷ್ಟೈನ್‌ಹೌವರ್, ಮರ ಕಡಿಯುವವನಿಗೆ ಹೋಲ್ಟ್ಸ್‌ಹೌವರ್ ಎಂಬ ಹೆಸರುಗಳಿರುವಂತೆ, ಕಬ್ಬಿಣದ ಅದಿರನ್ನು ಅಗೆದು ತೆಗೆಯುವವನಿಗೆ ಅಥವಾ ಕಬ್ಬಿಣವನ್ನು ಕಡಿದು ಕೆಲಸ ಮಾಡುವವನಿಗೆ ಈ ಹೆಸರು ನಿಂತಿತು. ಉತ್ತರ ಕರ್ನಾಟಕದ ಕಂಬಾರ, ಬಡಿಗೇರ, ಪತ್ತಾರ ಮುಂತಾದ ಅಡ್ಡಹೆಸರುಗಳನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಆ ಹೋಲಿಕೆಯಿಂದ ಇನ್ನೊಂದು ಮಾತೂ ಹೊರಡುತ್ತದೆ. ಕಂಬಾರ ಎಂಬ ಹೆಸರಿನವರೆಲ್ಲ ಒಂದೇ ಮನೆತನದವರಲ್ಲ. ಕಸುಬು ಇದ್ದ ಊರುಗಳಲ್ಲೆಲ್ಲ ಆ ಹೆಸರು ಬೇರೆ ಬೇರೆಯಾಗಿಯೇ ಹುಟ್ಟಬಲ್ಲದು. ಕಬ್ಬಿಣದ ಅದಿರಿದ್ದ ಜರ್ಮನ್ ಸೀಮೆಗಳಲ್ಲಿ ಐಝನ್‌ಹೌವರ್ ಎಂಬ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ರಾಕ್‌ಫೆಲರ್. ಅದು ಕಸುಬಿನ ಹೆಸರಲ್ಲ, ಊರಿನ ಹೆಸರು. ರೈನ್ ನದಿಯ ದಂಡೆಯ ನಾಯ್‌ವೀಡ್ ಪಟ್ಟಣದ ಸಮೀಪ ರಾಕೆನ್‌ಫೆಲ್ಡ್ ಎಂಬ ಪುಟ್ಟ ಹಳ್ಳಿಯೊಂದಿತ್ತು. ಅಲ್ಲಿಯವರು ರಾಕೆನ್‌ಫೆಲ್ಲರ್ ಎನಿಸಿಕೊಂಡರು. 1720ರ ದಶಕದಲ್ಲಿ ಅಲ್ಲಿಂದ ಬಂದ ಯೋಹಾನ್ ಪೀಟರ್ ರಾಕೆನ್‌ಫೆಲ್ಲರ್ ಅವರ ಸಂತತಿಯಲ್ಲಿ ಎಣ್ಣೆಯ ಉದ್ಯಮಿ ಜಾನ್ ಡಿ. ರಾಕ್‌ಫೆಲರ್ ಹುಟ್ಟಿದರು. ಹೆಸರಿನ ಬೇರು ಒಂದೇ ಚಿಕ್ಕ ಊರಿನಲ್ಲಿರುವಾಗ, ಆ ಹೆಸರು ಹೊತ್ತ ಇಬ್ಬರು ಎಲ್ಲೋ ಹಿಂದೆ ನೆಂಟರಾಗಿದ್ದರೆಂದು ಊಹಿಸುವುದಕ್ಕೆ ಆಧಾರವಿರುತ್ತದೆ. ಐಸೆನ್‌ಹೋವರ್ ವಿಷಯದಲ್ಲಿ ಹೆಸರನ್ನೇ ನೆಚ್ಚಿ ಹಾಗೆ ಊಹಿಸಲಾಗದು. ಪ್ರತಿ ಕುಟುಂಬದ ದಾಖಲೆಯನ್ನೂ ಬೇರೆಯಾಗಿಯೇ ನೋಡಬೇಕು.

ಅಧ್ಯಕ್ಷರ ಮನೆತನದ ದಾಖಲೆ ಸ್ಪಷ್ಟವಾಗಿದೆ. ಅವರ ಪೂರ್ವಜ ಹಾನ್ಸ್ ನಿಕೋಲಾಸ್ ಐಝನ್‌ಹೌವರ್ ಈಗಿನ ಜರ್ಮನಿಯ ಸಾರ್‌ಲಾಂಡ್ ರಾಜ್ಯದಲ್ಲಿ, ಫ್ರಾನ್ಸಿನ ಗಡಿಗೆ ಅಂಟಿಕೊಂಡಿರುವ ಕಾರ್ಲ್ಸ್‌ಬ್ರುನ್ ಎಂಬ ಹಳ್ಳಿಯಿಂದ ಹೊರಟವರು. ಆ ಕಾಲದ ವಲಸಿಗರು ಹಿಡಿಯುತ್ತಿದ್ದ ದಾರಿ ಹೆಚ್ಚು ಕಡಿಮೆ ಒಂದೇ: ರೈನ್ ನದಿಯಲ್ಲಿ ದೋಣಿಯ ಮೇಲೆ ರಾಟರ್‌ಡಾಮ್‌ವರೆಗೆ, ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡಿನ ಬಂದರೊಂದರಲ್ಲಿ ತಂಗಿ, ಆಮೇಲೆ ಅಟ್ಲಾಂಟಿಕ್ ದಾಟಿ ಫಿಲಡೆಲ್ಫಿಯಾಕ್ಕೆ. ಹಾನ್ಸ್ ನಿಕೋಲಾಸ್ ತಮ್ಮ ಕುಟುಂಬದೊಡನೆ 'ಯುರೋಪಾ' ಎಂಬ ಹಡಗಿನಲ್ಲಿ 1741ರ ನವೆಂಬರ್‌ನಲ್ಲಿ ಬಂದಿಳಿದರು. ಫಿಲಡೆಲ್ಫಿಯಾದಿಂದ ವಾಯವ್ಯಕ್ಕೆ, ಆಗ ಲ್ಯಾಂಕಾಸ್ಟರ್ ಕೌಂಟಿಗೆ ಸೇರಿದ್ದ ಬೆತೆಲ್ ಎಂಬ ಪ್ರದೇಶದಲ್ಲಿ ಬೇಸಾಯಕ್ಕೆ ನಿಂತರು. ಆ ವಂಶದವರು ಮುಂದೆ ಎಲಿಜಬೆತ್‌ವಿಲ್ ಎಂಬ ಊರಿಗೆ ಸರಿದರು. 'ರಿವರ್ ಬ್ರೆದ್ರನ್' ಎಂಬ ಶಾಂತಿವಾದಿ ಪಂಥದ ಮುಂದಾಳಾಗಿದ್ದ ಅಧ್ಯಕ್ಷರ ಅಜ್ಜ ಜೇಕಬ್, 1878ರಲ್ಲಿ ಅದೇ ಪಂಥದವರ ಜೊತೆ ಕ್ಯಾನ್ಸಸ್‌ಗೆ ಹೊರಟರು. ಡ್ವೈಟ್ ಐಸೆನ್‌ಹೋವರ್ ಹುಟ್ಟಿದ್ದು 1890ರಲ್ಲಿ ಟೆಕ್ಸಸ್‌ನ ಡೆನಿಸನ್‌ನಲ್ಲಿ, ಬೆಳೆದದ್ದು ಕ್ಯಾನ್ಸಸ್‌ನ ಆಬಿಲೀನ್‌ನಲ್ಲಿ. ಯುದ್ಧವನ್ನು ಪಾಪವೆಂದು ನಂಬಿದ್ದ ಆ ಮನೆಯಿಂದಲೇ ಎರಡನೆಯ ಮಹಾಯುದ್ಧದ ಪಶ್ಚಿಮ ರಂಗದ ಸೇನಾಧಿಪತಿ ಬಂದದ್ದು ನನ್ನನ್ನು ಯಾವಾಗಲೂ ಯೋಚನೆಗೆ ಹಚ್ಚುತ್ತದೆ.

ಇನ್ನು ಬಂದರಿನ ಅಧಿಕಾರಿಯ ಕಥೆ. ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಅಧಿಕಾರಿಯೊಬ್ಬ ವಲಸಿಗನ ಬಾಯಿಯಿಂದ ಹೆಸರು ಕೇಳಿ, ಅರ್ಥವಾಗದೆ, ತನಗೆ ತೋಚಿದ್ದನ್ನು ಬರೆದನೆಂಬ ಈ ಕಥೆ ಅಮೆರಿಕದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಚಾಲ್ತಿಯಲ್ಲಿದೆ. ಆದರೆ ಎಲಿಸ್ ದ್ವೀಪದ ಕಚೇರಿ ಬಾಗಿಲು ತೆರೆದದ್ದು 1892ರ ಜನವರಿ 1ರಂದು. ಅಷ್ಟರಲ್ಲಿ ಐಸೆನ್‌ಹೋವರ್ ಮನೆತನ ಈ ನೆಲದಲ್ಲಿ 150 ವರ್ಷ ಕಳೆದಾಗಿತ್ತು. ಅಲ್ಲದೆ ಎಲಿಸ್ ದ್ವೀಪದ ಅಧಿಕಾರಿಗಳು ಹೆಸರುಗಳನ್ನು ಹೊಸದಾಗಿ ಬರೆಯುತ್ತಲೇ ಇರಲಿಲ್ಲ. ಹಡಗು ಹೊರಟ ಬಂದರಿನಲ್ಲಿ ಹಡಗು ಕಂಪನಿಯ ಗುಮಾಸ್ತರು ಸಿದ್ಧಪಡಿಸಿದ ಪಟ್ಟಿ ಅವರ ಕೈಯಲ್ಲಿರುತ್ತಿತ್ತು; ಅದನ್ನು ಪ್ರಯಾಣಿಕರೊಡನೆ ತಾಳೆ ನೋಡುವುದಷ್ಟೇ ಅವರ ಕೆಲಸ. ಈ ಕಥೆಯನ್ನು ನಂಬಿಕೊಂಡು ಬಂದವರ ಮುಂದೆ ಇದನ್ನು ಹೇಳುವಾಗ ನನಗೆ ಸಂಕೋಚವಾಗುತ್ತದೆ, ಏಕೆಂದರೆ ಅದು ಅವರ ಅಜ್ಜ ಅಜ್ಜಿಯರ ಬಾಯಿಂದ ಬಂದದ್ದು. ಆದರೂ ಹೇಳದೆ ವಿಧಿಯಿಲ್ಲ.

ಹಾಗಾದರೆ 1741ರಲ್ಲಿ ಏನು ನಡೆಯುತ್ತಿತ್ತು? ಜರ್ಮನ್ ವಲಸಿಗರ ಸಂಖ್ಯೆ ಏರುತ್ತಿರುವುದನ್ನು ಕಂಡು ಕಳವಳಗೊಂಡ ಪೆನ್ಸಿಲ್ವೇನಿಯಾದ ಆಡಳಿತ, 1727ರಿಂದ ಒಂದು ನಿಯಮ ತಂದಿತ್ತು. ಹಡಗಿನ ಕಪ್ತಾನ ಪ್ರಯಾಣಿಕರ ಪಟ್ಟಿಯನ್ನು ಒಪ್ಪಿಸಬೇಕು. 16 ವರ್ಷ ದಾಟಿದ ಗಂಡಸರು ಬ್ರಿಟಿಷ್ ದೊರೆಗೆ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಿ ಸಹಿ ಹಾಕಬೇಕು. ಬರೆಯಬಲ್ಲವರು ತಮ್ಮ ಜರ್ಮನ್ ಲಿಪಿಯಲ್ಲೇ ಸಹಿ ಮಾಡಿದರು. ಬರೆಯಲಾರದವರು ಗುರುತು ಹಾಕಿದರು. ಅವರ ಹೆಸರನ್ನು ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ. ಕಪ್ತಾನನ ಪಟ್ಟಿಯಲ್ಲಿ ಒಂದು ರೂಪ, ಪ್ರಮಾಣದ ಹಾಳೆಯಲ್ಲಿ ಇನ್ನೊಂದು ರೂಪ, ಹೀಗೆ ಒಬ್ಬನೇ ಮನುಷ್ಯ ಒಂದೇ ದಿನ ಎರಡು ಮೂರು ಹೆಸರುಗಳಲ್ಲಿ ಕಾಣಿಸಿಕೊಳ್ಳುವುದುಂಟು. ಯಾರೂ ಅವನ ಹೆಸರನ್ನು ಬದಲಿಸಲಿಲ್ಲ. ಅವನು ಮನೆಯಲ್ಲಿ, ಚರ್ಚಿನಲ್ಲಿ ತನ್ನ ಹೆಸರನ್ನು ಹೇಳುತ್ತಿದ್ದ ರೀತಿಯೂ ಬದಲಾಗಲಿಲ್ಲ. ಆದರೆ ಭೂಮಿಯ ಪತ್ರ, ತೆರಿಗೆಯ ಪಟ್ಟಿ, ಉಯಿಲು, 1790ರಿಂದ ಶುರುವಾದ ಜನಗಣತಿ ಎಲ್ಲವೂ ಇಂಗ್ಲಿಷ್ ಬರವಣಿಗೆಯವರ ಕೈಯಲ್ಲಿದ್ದವು. ಎರಡು ಮೂರು ತಲೆಮಾರುಗಳಲ್ಲಿ ಆ ಬರವಣಿಗೆಯೇ ಮನೆಯವರ ಬರವಣಿಗೆಯೂ ಆಯಿತು.

ನನ್ನ ಉತ್ತರದ ತಿರುಳು ಇಲ್ಲಿದೆ. ಜರ್ಮನ್‌ನಲ್ಲಿ ಹೆಸರಿನ ಕೊನೆಯ ಭಾಗವನ್ನು ಎಚ್-ಎ-ಯು-ಇ-ಆರ್ ಎಂದು ಬರೆಯುತ್ತಾರೆ. ಅಲ್ಲಿನ ಎ-ಯು ಜೋಡಿಯ ಉಚ್ಚಾರ 'ಔ'. ಇಂಗ್ಲಿಷಿನವನಿಗೆ ಎ-ಯು ಎಂದರೆ ಬೇರೆ ಸ್ವರ. 'ಔ' ಎಂದು ಕೇಳಿಸಿದ್ದನ್ನು ಅವನು ಓ-ಡಬ್ಲ್ಯೂ ಎಂದೋ ಓ-ಯು ಎಂದೋ ಬರೆಯುತ್ತಾನೆ. ಅಂತೆಯೇ ಹೆಸರಿನ ಮೊದಲ 'ಐ' ಸ್ವರವನ್ನು ಜರ್ಮನ್‌ನವನು ಇ-ಐ ಎಂಬ ಎರಡು ಅಕ್ಷರಗಳಲ್ಲಿ ಬರೆದರೆ, ಇಂಗ್ಲಿಷಿನವನಿಗೆ ಐ ಎಂಬ ಒಂದೇ ಅಕ್ಷರ ಸಾಕು. ಎಸ್ ಅಕ್ಷರದ ಜಾಗದಲ್ಲಿ ಸಿ ಬರೆದವರೂ ಇದ್ದರು. ಹೀಗೆ ಹಳೆಯ ಜರ್ಮನ್ ರೂಪ ಹಾಗೆಯೇ ಉಳಿದ ಕುಟುಂಬಗಳಿವೆ. ಅಧ್ಯಕ್ಷರ ಮನೆಯಂತೆ ಕೊನೆಯ ಭಾಗವನ್ನು ಮಾತ್ರ ಓ-ಡಬ್ಲ್ಯೂಗೆ ತಿರುಗಿಸಿಕೊಂಡ ಕುಟುಂಬಗಳಿವೆ. ಐ-ಎಸ್-ಇ-ಎನ್-ಎಚ್-ಓ-ಯು-ಆರ್, ಐ-ಸಿ-ಇ-ಎನ್-ಎಚ್-ಓ-ಯು-ಆರ್ ಎಂದು ಎರಡು ತುದಿಗಳನ್ನೂ ಇಂಗ್ಲಿಷಿಗೆ ಒಪ್ಪಿಸಿದ ಕುಟುಂಬಗಳಿವೆ. ಈ ಕೊನೆಯ ರೂಪಗಳು ಉತ್ತರ ಕೆರೊಲಿನಾದಲ್ಲಿ ಹೆಚ್ಚಾಗಿ ಸಿಗುತ್ತವೆ. 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್ ರೈತರು ಅಗ್ಗದ ಭೂಮಿಯನ್ನು ಅರಸಿ ಗಾಡಿದಾರಿ ಹಿಡಿದು ದಕ್ಷಿಣಕ್ಕೆ ಇಳಿದ ಪ್ರದೇಶವದು. ಉತ್ತರದಲ್ಲಿ, ಕೆನಡಾದ ನೋವಾ ಸ್ಕೋಶಿಯಾದ ಲೂನನ್‌ಬರ್ಗ್‌ನಲ್ಲಿ, 1753ರಲ್ಲಿ ನೆಲೆಯೂರಿದ ಜರ್ಮನ್ ಪ್ರೊಟೆಸ್ಟೆಂಟರ ನಡುವೆಯೂ ಈ ಹೆಸರಿದೆ. ಅಲ್ಲಿ ಅದು ಸವೆದು 'ಐಸ್ನರ್' ಎಂದೂ ಆಗಿದೆ.

ಇವೆಲ್ಲವನ್ನೂ ಕನ್ನಡದಲ್ಲಿ ಬರೆಯಹೊರಟರೆ ಏನಾಗುತ್ತದೆಂದು ನೋಡಿ. ಲೂನನ್‌ಬರ್ಗ್‌ನ ಸವೆದ ರೂಪವೊಂದನ್ನು ಬಿಟ್ಟರೆ ಉಳಿದವೆಲ್ಲ ನಮ್ಮ ಲಿಪಿಯಲ್ಲಿ ಹೆಚ್ಚು ಕಡಿಮೆ ಒಂದೇ ಹೆಸರಾಗುತ್ತವೆ: ಐಸನ್‌ಹೌವರ್. ವ್ಯತ್ಯಾಸವನ್ನು ತೋರಿಸಬೇಕಾದರೆ ನಾನು ಈಗ ಮಾಡಿದಂತೆ ಇಂಗ್ಲಿಷ್ ಅಕ್ಷರಗಳ ಹೆಸರುಗಳನ್ನು ಒಂದೊಂದಾಗಿ ಹೇಳಬೇಕು. ವಿಚಿತ್ರವೆಂದರೆ, ಉಲಿದಂತೆ ಬರೆಯುವ ಲಿಪಿಯಿರುವ ನಾವೇ ಈ ಹೆಸರನ್ನು ಕಿವಿಯಿಂದಲ್ಲ, ಕಣ್ಣಿನಿಂದ ತೆಗೆದುಕೊಂಡೆವು. ಓ-ಡಬ್ಲ್ಯೂ ಎಂಬುದನ್ನು ನೋಡಿ ನಮ್ಮ ಪತ್ರಿಕೆಗಳು 'ಹೋವರ್' ಎಂದು ಬರೆದವು. ಅಧಿಕಾರದಲ್ಲಿದ್ದಾಗಲೇ ಭಾರತಕ್ಕೆ ಬಂದ ಮೊದಲ ಅಮೆರಿಕನ್ ಅಧ್ಯಕ್ಷರಾಗಿ 1959ರ ಡಿಸೆಂಬರ್‌ನಲ್ಲಿ ಅವರು ದೆಹಲಿಗೆ ಬಂದುಹೋದ ಮೇಲೂ ಆ 'ಹೋ' ಉಳಿದುಕೊಂಡಿತು. ನಾನೂ ಓದುಗರ ರೂಢಿಯನ್ನು ಮುರಿಯಲಾರದೆ ಅದನ್ನೇ ಬಳಸುತ್ತಿದ್ದೇನೆ.

ಈಗ ಎಣಿಕೆಗೆ ಬರೋಣ. ಅಮೆರಿಕದ ಜನಗಣತಿ ಇಲಾಖೆ 2010ರ ಗಣತಿಯ ಆಧಾರದ ಮೇಲೆ, ಕನಿಷ್ಠ 100 ಜನರಲ್ಲಿ ಕಂಡುಬಂದ ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸಿದೆ. ಅದರಲ್ಲಿ 1,62,253 ಹೆಸರುಗಳಿವೆ. ಮೊದಲ ಸ್ಥಾನದಲ್ಲಿರುವ ಸ್ಮಿತ್ ಹೆಸರಿನವರು 24 ಲಕ್ಷಕ್ಕೂ ಹೆಚ್ಚು. ಮಿಲ್ಲರ್ ಹೆಸರಿನವರು 11 ಲಕ್ಷ ದಾಟುತ್ತಾರೆ. ಅವರಲ್ಲಿ ಎಷ್ಟೋ ಮನೆತನಗಳು ಮೂಲತಃ ಜರ್ಮನಿಯ ಮ್ಯೂಲರ್‌ಗಳು, ಆದರೆ ಪಟ್ಟಿಯನ್ನು ನೋಡಿ ಅವರನ್ನು ಇಂಗ್ಲಿಷ್ ಮಿಲ್ಲರ್‌ಗಳಿಂದ ಬೇರ್ಪಡಿಸಲಾಗದು. 2000ದ ಗಣತಿಯಲ್ಲಿ 4 ಕೋಟಿ 28 ಲಕ್ಷ ಜನ ತಮ್ಮದು ಜರ್ಮನ್ ಮೂಲವೆಂದು ಬರೆಸಿದ್ದರೂ, ಜರ್ಮನ್ ಎಂದು ಕಂಡೊಡನೆ ಗುರುತಿಸಬಹುದಾದ ಹೆಸರುಗಳು ಪಟ್ಟಿಯ ಮೇಲ್ಭಾಗದಲ್ಲಿ ಕಡಿಮೆ ಇರುವುದಕ್ಕೆ ಇದೇ ಕಾರಣ. ಸಾಮಾನ್ಯ ಹೆಸರುಗಳು ಇಂಗ್ಲಿಷಿನ ಸಾಮಾನ್ಯ ಹೆಸರುಗಳೊಳಗೆ ಕರಗಿಹೋದವು: ಶ್ನೈಡರ್ ಸ್ನೈಡರ್ ಆಯಿತು, ಹೂಬರ್ ಹೂವರ್ ಆಯಿತು, ತ್ಸಿಮರ್‌ಮನ್ ಕೆಲವೆಡೆ ಅನುವಾದಗೊಂಡು ಕಾರ್ಪೆಂಟರ್ ಆಯಿತು. ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಪೂರ್ವಜ 1738ರಲ್ಲಿ ಬಂದ ಆಂಡ್ರಿಯಾಸ್ ಹೂಬರ್.

ಅಪರೂಪದ ಹೆಸರುಗಳಿಗೆ ಕರಗುವ ಆ ದಾರಿಯಿರಲಿಲ್ಲ. 'ಕಬ್ಬಿಣ ಕಡಿಯುವವನು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಪ್ಪುವ ಜೋಡಿ ಹೆಸರಿಲ್ಲ. ಆದ್ದರಿಂದ ಅದು ಕರಗಲಿಲ್ಲ, ಒಡೆಯಿತು. ಜನಗಣತಿಯ ಪಟ್ಟಿ ಪ್ರತಿಯೊಂದು ಕಾಗುಣಿತವನ್ನೂ ಬೇರೆ ಹೆಸರೆಂದೇ ಎಣಿಸುತ್ತದೆ. ಇ-ಐ ಇಂದ ಆರಂಭವಾಗುವ ರೂಪ ಒಂದು ಸಾಲಿನಲ್ಲಿ, ಐ-ಎಸ್ ಇಂದ ಆರಂಭವಾಗುವುದು ಸಾವಿರಾರು ಸಾಲುಗಳಾಚೆ, ಐ-ಸಿ ರೂಪ ಮತ್ತೆಲ್ಲೋ. ಅಧ್ಯಕ್ಷರ ಕಾಗುಣಿತವನ್ನಷ್ಟೇ ಹುಡುಕಿ 'ಇಷ್ಟೇ ಜನರೇ?' ಎಂದು ಬೆರಗಾಗುವವರು, ಒಡೆದ ಮಡಕೆಯ ಒಂದು ಚೂರನ್ನು ಅಳೆದು ಮಡಕೆಯ ಗಾತ್ರ ಹೇಳುತ್ತಿದ್ದಾರೆ. ಎಲ್ಲ ಚೂರುಗಳನ್ನು ಸೇರಿಸಿದರೂ ಈ ಹೆಸರು ಸ್ಮಿತ್, ಮಿಲ್ಲರ್‌ಗಳ ಹತ್ತಿರ ಸುಳಿಯುವುದಿಲ್ಲ, ನಿಜ. ಆದರೆ ಒಂದು ಕಾಗುಣಿತದ ವಿರಳತೆಯನ್ನು ಹೆಸರಿನ ವಿರಳತೆಯೆಂದು ತಿಳಿಯುವುದು ತಪ್ಪು.

ಹೆಸರನ್ನು ಅಕ್ಷರದಿಂದಲ್ಲ, ಉಲಿಯಿಂದ ಹುಡುಕಬೇಕೆಂಬ ತಿಳಿವಳಿಕೆ ಅಮೆರಿಕದ ದಫ್ತರಗಳಿಗೂ ತಡವಾಗಿ ಬಂತು. ರಾಬರ್ಟ್ ರಸೆಲ್ ಎಂಬುವರು 1918ರಲ್ಲಿ ಪೇಟೆಂಟ್ ಪಡೆದ 'ಸೌಂಡೆಕ್ಸ್' ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರವನ್ನು ಇಟ್ಟುಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯೂ, ವೈ ಅಕ್ಷರಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಎಸ್ ಮತ್ತು ಸಿ ಎರಡಕ್ಕೂ 2, ಎನ್‌ಗೆ 5, ಆರ್‌ಗೆ 6. ಜರ್ಮನ್ ರೂಪಕ್ಕೂ ಅಧ್ಯಕ್ಷರ ರೂಪಕ್ಕೂ ಬರುವ ಸಂಕೇತ ಇ-256. ಎಸ್ ಇರಲಿ ಸಿ ಇರಲಿ, ಕೆರೊಲಿನಾದ ರೂಪಗಳಿಗೆಲ್ಲ ಬರುವ ಸಂಕೇತ ಐ-256. ಅಂದರೆ ಬಹುತೇಕ ಚೂರುಗಳನ್ನೂ ಈ ಪದ್ಧತಿ ಎರಡೇ ಗುಂಪಿಗೆ ತರುತ್ತದೆ, ಆದರೆ ಮೊದಲ ಅಕ್ಷರವನ್ನು ಮುಟ್ಟದ ಕಾರಣ ಆ ಎರಡನ್ನು ಒಂದು ಮಾಡಲಾರದು. ಈ ಮನೆತನವನ್ನು ಹುಡುಕುವವರಿಗೆ ನಾನು ಹೇಳುವುದು ಇಷ್ಟೇ: ಸೌಂಡೆಕ್ಸ್ ಸೂಚಿಯಿರುವ ಹಳೆಯ ಗಣತಿಗಳಲ್ಲಿ ಎರಡೂ ಸಂಕೇತಗಳನ್ನು ನೋಡಿ. 1880ರ ಸೂಚಿಯಲ್ಲಿ ಸಿಗದಿದ್ದರೆ ಕುಟುಂಬವೇ ಇರಲಿಲ್ಲವೆಂದು ತಿಳಿಯಬೇಡಿ. ಹತ್ತು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿದ್ದ ಮನೆಗಳನ್ನು ಮಾತ್ರ ಆ ಸೂಚಿಯಲ್ಲಿ ಸೇರಿಸಲಾಗಿತ್ತು.

ಎರಡು ಸಂಕೇತಗಳ ನಡುವಿನ ಈ ಗೋಡೆಯನ್ನು ಅಧ್ಯಕ್ಷರ ಮನೆಯವರೇ ದಿನನಿತ್ಯ ದಾಟುತ್ತಿದ್ದರು. ಆಬಿಲೀನ್‌ನ ಶಾಲೆಯಲ್ಲಿ ಅಣ್ಣ ಎಡ್ಗರ್ 'ದೊಡ್ಡ ಐಕ್', ತಮ್ಮ ಡ್ವೈಟ್ 'ಚಿಕ್ಕ ಐಕ್'. ಅಡ್ಡಹೆಸರಿನ ಮೊದಲ ಉಲಿಯಿಂದ ಹುಟ್ಟಿದ ಆ ಕರೆಯುವ ಹೆಸರನ್ನು ಯಾರೂ ಇ-ಐ ಎಂದು ಬರೆಯಲಿಲ್ಲ; ಕಿವಿಗೆ ಕೇಳಿದಂತೆ, ಕೆರೊಲಿನಾದ ಕುಟುಂಬಗಳು ಮಾಡಿದಂತೆಯೇ, ಐ ಎಂಬ ಒಂದೇ ಅಕ್ಷರದಿಂದ ಬರೆದರು. 1952ರ ಚುನಾವಣೆಯಲ್ಲಿ ಲಕ್ಷಾಂತರ ಜನ ಎದೆಯ ಮೇಲೆ ಚುಚ್ಚಿಕೊಂಡ ಬಿಲ್ಲೆಗಳಲ್ಲಿ ಇದ್ದದ್ದೂ ಅದೇ ಅಕ್ಷರ: ಐ ಲೈಕ್ ಐಕ್.